ದೆವ್ವ ಚಹಾ ಕುಡಿಯುತ್ತದೆಯೇ, ಅಕ್ಕೋರೇ?

ನಮಸ್ಕಾರ. ಅಕ್ಕೋರೇ ಅಂತ ಕರೆಯಬಹುದು ಅಲ್ವಾ? ಗದಗ ಕಡೆಯ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ಕಲಿಸಿದ್ದೇನೆ ಅಂತ ಬರೆದಿದ್ದೀರಿ, ಬರೆಯದಿದ್ದರೂ ಗೊತ್ತಾಗುತ್ತಿತ್ತು. ನಮ್ಮ ಧಾರಾವಾಹಿಯ ಒಂಬತ್ತೂ ಕಂತುಗಳನ್ನು ಕತ್ತರಿಸಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಪತ್ರದ ಜೊತೆ ಪಿನ್ ಮಾಡಿ ಕಳಿಸಿದ್ದೀರಿ. ಕಾಗುಣಿತದ ತಪ್ಪುಗಳು ನಮ್ಮವೇ. ಒಪ್ಪಿದೆ.

ಪತ್ರ ಓದದವರಿಗಾಗಿ ಹೇಳುತ್ತೇನೆ. ಧಾರವಾಡದ ಹಳೇ ಹೆಂಚಿನ ಮನೆಗೆ ಬಾಡಿಗೆಗೆ ಬಂದ ಹುಡುಗಿಗೂ ಆ ಮನೆಯಲ್ಲಿ ಎಂದೋ ಸತ್ತ ಹುಡುಗನ ದೆವ್ವಕ್ಕೂ ಪ್ರೀತಿಯಾಗುವ ಕತೆ ನಮ್ಮದು. ಹೋದ ಜನ್ಮದಲ್ಲಿ ಇವಳೇ ಅವನ ಪ್ರಿಯತಮೆ. ಇಂಥ ಮೂಢನಂಬಿಕೆ ಯಾಕೆ ಹಾಕ್ತೀರಿ, ನನ್ನ ಮೊಮ್ಮಗಳು ಲೈಟ್ ಆರಿಸದೆ ಮಲಗ್ತಾಳೆ ಅಂತ ಅಕ್ಕೋರ ತಕರಾರು. ಇನ್ನೊಂದು ತಕರಾರೂ ಇದೆ. ಒಂಬತ್ತನೇ ಕಂತಿನಲ್ಲಿ ದೆವ್ವ "ನೀನು ಹೋದ ಜನ್ಮದಿಂದಲೂ ನನ್ನವಳು, ಈಗ ಒಲ್ಲೆ ಅನ್ನುವ ಹಕ್ಕು ನಿನಗಿಲ್ಲ" ಅನ್ನುತ್ತದೆ, ಹುಡುಗಿ ಸುಮ್ನೆ ತಲೆ ತಗ್ಗಿಸುತ್ತಾಳೆ. ಅಲ್ಲಿ ಅಕ್ಕೋರು ಎರಡು ಗೆರೆ ಎಳೆದು "ಇದು ಪ್ರೀತಿಯಾ?" ಅಂತ ಬರೆದಿದ್ದಾರೆ.

ಮೊದಲು ಸುಲಭದ್ದು. ದೆವ್ವ ಬಿಡಿಸುತ್ತೇನೆ ಅಂತ ಹುಡುಗಿಗೆ ಬಡಿಯುವ ಸೀನ್ ನಮ್ಮಲ್ಲಿ ಬಂದಿಲ್ಲ, ಬರುವುದೂ ಇಲ್ಲ. ಅದು ಬರೀ ರುಚಿಯ ಮಾತಲ್ಲ. 2017ರ ವಾಮಾಚಾರ ತಡೆ ಕಾಯ್ದೆ 2020ರಲ್ಲಿ ಜಾರಿಗೆ ಬಂದ ಮೇಲೆ ಹಾಗೆ ಬಡಿಯುವುದು ಅಪರಾಧ. ಆದರೆ ಕತೆಯಲ್ಲಿ ದೆವ್ವ ಇದ್ದರೆ ಓದುಗರು ಅದನ್ನು ನಂಬಿಯೇ ಬಿಡುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಂದು ಕಾಲಕ್ಕೆ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದರು, ನೆನಪಿದೆಯಲ್ಲ? ರಾತ್ರಿ ಪರಿಚಯದ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ನನಗೆ ಆ ದೆವ್ವದ ಮೇಲೆ ಭಯಕ್ಕಿಂತ ಗೌರವ ಜಾಸ್ತಿ. ಕನ್ನಡ ಓದುತ್ತದೆ, ಓದಿದ್ದನ್ನು ನಂಬುತ್ತದೆ. ಪತ್ರಿಕೆ ನಡೆಸುವವನಿಗೆ ಇದಕ್ಕಿಂತ ಒಳ್ಳೇ ಓದುಗ ಎಲ್ಲಿ ಸಿಗಬೇಕು?

ತಮಾಷೆ ಬಿಡಿ, ಆ ದೆವ್ವಕ್ಕೊಂದು ಕಟ್ಟುಪಾಡಿದೆ ನೋಡಿ, ಅದಕ್ಕೇ ಅದು ಇಷ್ಟು ವರ್ಷ ಬಾಳಿತು. ನಮ್ಮ ಲೇಖಕಿ ಕಳಿಸಿದ ಮೊದಲ ಪ್ರತಿಯಲ್ಲಿ ದೆವ್ವ ಹುಡುಗಿಯ ಜೊತೆ ಕೂತು ಚಹಾ ಕುಡಿಯುತ್ತಿತ್ತು. ಗೋಡೆ ದಾಟಿ ಬರುವವನ ಹೊಟ್ಟೆಯಲ್ಲಿ ಚಹಾ ಹೇಗೆ ನಿಲ್ಲುತ್ತದೆ ಅಂತ ಫೋನ್ ಮಾಡಿ ಕೇಳಿದೆ. ಅವರಿಗೆ ಸಿಟ್ಟು ಬಂತು, ಮೂರು ದಿನ ಬಿಟ್ಟು ತಿದ್ದಿ ಕಳಿಸಿದರು. ಈಗ ಹುಡುಗಿ ಎರಡು ಕಪ್ಪಿಗೆ ಸೋಸುತ್ತಾಳೆ, ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಅವಳ ಕಪ್ಪು ಖಾಲಿಯಾಗುತ್ತದೆ, ಎದುರಿನ ಕಪ್ಪಿನಲ್ಲಿ ನಿಧಾನಕ್ಕೆ ಕೆನೆ ಕಟ್ಟುತ್ತದೆ. ಕೆನೆ ಕಟ್ಟಿದ ಆ ಚಹಾವನ್ನು ಬೆಳಿಗ್ಗೆ ಅವಳೇ ತುಳಸಿಕಟ್ಟೆಯ ಆಚೆ ಚೆಲ್ಲುತ್ತಾಳೆ. ನೀವೂ ಅಲ್ಲಿ ಕೆಂಪು ಗೆರೆ ಎಳೆದಿಲ್ಲ, ನಾನು ಗಮನಿಸಿದೆ.

ಪುನರ್ಜನ್ಮದ ಪ್ರೀತಿ ನಾವು ಸಿನಿಮಾ ನೋಡಿ ಕಲಿತದ್ದಲ್ಲ. ನಿಮ್ಮ ಗದಗದಿಂದ ಹುಬ್ಬಳ್ಳಿಗೆ ಬರುವ ದಾರಿಯಲ್ಲಿ ಅಣ್ಣಿಗೇರಿ ಸಿಗುತ್ತದೆ, ಪಂಪನ ತಾಯಿಯ ಕಡೆಯವರ ಊರು. ಆ ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಶ್ರೀಮತಿಗೆ ಹಿಂದಿನ ಜನ್ಮ ನೆನಪಾಗುತ್ತದೆ. ಅವಳು ಅದನ್ನು ಚಿತ್ರ ಬರೆಯುತ್ತಾಳೆ, ಪಂಡಿತೆ ಅನ್ನುವ ದಾದಿ ಅದನ್ನು ಜಿನಾಲಯಕ್ಕೆ ಒಯ್ಯುತ್ತಾಳೆ, ಬಂದವರೆಲ್ಲ ನೋಡಲಿ ಅಂತ. ವಜ್ರಜಂಘ ನೋಡುತ್ತಾನೆ, ಇದು ನಮ್ಮದೇ ಕತೆ ಅಂತ ಗುರುತಿಸುತ್ತಾನೆ. ಮದುವೆಯಾಗಿ ಸುಖವಾಗಿದ್ದವರು ಒಂದು ರಾತ್ರಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಧೂಪದ ಹೊಗೆಗೆ ಉಸಿರುಕಟ್ಟಿ, ಅಪ್ಪಿಕೊಂಡೇ ಸಾಯುತ್ತಾರೆ. ಕಿಟಕಿ ತೆರೆಯಲು ಆಳು ಮರೆತಿದ್ದ, ಅಷ್ಟೇ. ದೆವ್ವ ಬೇಡ, ಶಾಪ ಬೇಡ, ಒಂದು ಕಿಟಕಿ ಸಾಕಾಯಿತು. ನಾನು ಎಷ್ಟು ಸಲ ಓದಿದರೂ ಅಲ್ಲಿ ಎದ್ದು ಹೋಗಿ ಆ ಕಿಟಕಿ ತೆಗೆಯಬೇಕು ಅನ್ನಿಸುತ್ತದೆ.

ಇನ್ನು ನಿಮ್ಮ ಎರಡು ಗೆರೆ. ಅಲ್ಲಿ ನೀವು ಗೆದ್ದಿರಿ. ಆ ಮಾತನ್ನು ನಾನು ತಡೆಯಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಪುಟ ಕಳಿಸುವ ಗಡಿಬಿಡಿ ಅಂತ ನೆಪ ಹೇಳಬಹುದು, ಆದರೆ ನಿಜ ಹೇಳಬೇಕೆಂದರೆ ಆ ಸಾಲು ಓದಿದಾಗ ನನಗೆ ಏನೂ ಅನ್ನಿಸಲೇ ಇಲ್ಲ. ಏಳೇಳು ಜನ್ಮದ ಗಂಡ, ಋಣಾನುಬಂಧ ಅಂತ ಕೇಳಿ ಕೇಳಿ ಕಿವಿ ದಡ್ಡುಗಟ್ಟಿದೆ.

ನಾಚಿಕೆಯಾಗಿದ್ದು ಯಾವಾಗ ಅಂದರೆ, ನಿಮ್ಮ ಪತ್ರ ಬಂದ ಮೇಲೆ ಬಾಣಭಟ್ಟನ ಕಾದಂಬರಿ ತೆಗೆದಾಗ. ಏಳನೇ ಶತಮಾನದ್ದು, ನಾಗವರ್ಮ ಕನ್ನಡಕ್ಕೂ ತಂದಿದ್ದಾನೆ. ನಾವು ಯಾವ ನಾವೆಲ್ಲಿಗೂ ಕಾದಂಬರಿ ಅನ್ನುತ್ತೇವಲ್ಲ, ಆ ಪದ ಬಂದದ್ದೇ ಈ ಜನ್ಮಾಂತರದ ಪ್ರೇಮಕತೆಯ ಹೆಸರಿನಿಂದ. ಅದರಲ್ಲಿ ಮಹಾಶ್ವೇತೆ ಸತ್ತ ಪುಂಡರೀಕನಿಗಾಗಿ ಕೊಳದ ದಂಡೆಯಲ್ಲಿ ತಪಸ್ಸು ಮಾಡುತ್ತ ಕಾಯುತ್ತಾಳೆ. ಅವನು ವೈಶಂಪಾಯನನಾಗಿ ಹುಟ್ಟಿ ಬಂದು, ಯಾಕೆಂದು ತನಗೇ ತಿಳಿಯದೆ, ಅವಳ ಬೆನ್ನು ಹತ್ತುತ್ತಾನೆ. ಅವಳು ಕಾಯುತ್ತಿದ್ದವನು ಅವನೇ, ಸುಳ್ಳಲ್ಲ. ಆದರೂ ಅವಳು ಕರಗಲಿಲ್ಲ. ಗಿಳಿಯಂತೆ ಮಾತಾಡುತ್ತೀಯಾ, ಗಿಳಿಯಾಗಿಯೇ ಹುಟ್ಟು ಅಂತ ಶಾಪ ಕೊಟ್ಟಳು. ಹುಟ್ಟಿದ.

ಲೇಖಕಿಗೆ ಈ ಭಾಗ ಓದಿ ಹೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ "ಸರ್, ಹತ್ತನೇ ಕಂತು ವಾಪಸ್ ಕೊಡಿ" ಅಂದರು. ಅದಕ್ಕೇ ಈ ವಾರ ಆ ಪುಟದಲ್ಲಿ ನಿಮಗೆ ಈ ಉತ್ತರ ಸಿಕ್ಕಿದೆ, ಕತೆ ಸಿಕ್ಕಿಲ್ಲ.

ಮುಂದೇನಾಗುತ್ತದೆ ಅಂತ ಹೇಳಿದರೆ ಲೇಖಕಿ ನನ್ನನ್ನೇ ಗಿಳಿ ಮಾಡಿಯಾರು. ಮೊಮ್ಮಗಳಿಗೆ ಇಷ್ಟು ಹೇಳಿ ಸಾಕು: ಮುಂದಿನ ವಾರ ಆ ಹುಡುಗಿ ಒಂದೇ ಕಪ್ಪು ಚಹಾ ಮಾಡುತ್ತಾಳೆ. ಕೆಂಪು ಪೆನ್ನು ಮಾತ್ರ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

– ಸಂಪಾದಕ