ಸೂಜಿ ಇಲ್ಲದ ಶುಗರ್ ವಾಚ್‌ಗೆ ಕಾಯಬೇಕಾ?

ಚುಚ್ಚದೆ ಶುಗರ್ ತೋರಿಸುವ ವಾಚ್ ಇನ್ನೆರಡು ವರ್ಷದಲ್ಲಿ ಬರುತ್ತದಂತೆ, ಅಪ್ಪನಿಗೆ ಅಲ್ಲಿವರೆಗೆ ಕಾಯಲಾ ಎಂದು ಕೇಳಿದ್ದೀರಿ. ಕಾಯಬೇಡಿ. ಈ ‘ಇನ್ನೆರಡು ವರ್ಷ’ ಹಳೇ ರಾಗ. 2014ರಲ್ಲಿ ಗೂಗಲ್ ಕಣ್ಣೀರಿನಿಂದ ಶುಗರ್ ಅಳೆಯುವ ಕಾಂಟ್ಯಾಕ್ಟ್ ಲೆನ್ಸ್ ತೋರಿಸಿತ್ತು. ಚಿಪ್, ಆಂಟೆನಾ ಎಲ್ಲ ಪುಟ್ಟದಾಗಿತ್ತು. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ಮಾತ್ರ ಸರಿಯಾಗಿ ತಾಳೆಯಾಗಲಿಲ್ಲ. 2018ರಲ್ಲಿ ಕೆಲಸ ನಿಲ್ಲಿಸಿದರು. ತೊಡಕಿರುವುದು ಅಳತೆಯಲ್ಲಿ, ಅಲ್ವಾ? ಬ್ಲೂಟೂತ್ ತಪ್ಪು ಸಂಖ್ಯೆಯನ್ನೂ ಅಷ್ಟೇ ಚೆನ್ನಾಗಿ ಕಳಿಸುತ್ತದೆ! ಇಂಥ ವಾಚು, ಉಂಗುರ ನಂಬಬೇಡಿ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿದೆ.

ತೋಳಿಗೆ ಅಂಟಿಸುವ, ಸತತವಾಗಿ ಶುಗರ್ ಅಳೆಯುವ ಸಾಧನ ಸಿಜಿಎಂ ಈಗಲೇ ಇದೆ. ಕೂದಲೆಳೆಯಂಥ ತಂತು ಚರ್ಮದೊಳಗೆ ಕೂತು ಅಲ್ಲಿನ ದ್ರವದ ಸಕ್ಕರೆ ಅಳೆಯುತ್ತದೆ, ಕೆಲವು ನಿಮಿಷಕ್ಕೊಮ್ಮೆ ಫೋನಿಗೆ ರೀಡಿಂಗ್ ಬರುತ್ತದೆ. ಊಟವಾಗಿ ಶುಗರ್ ಸರಸರ ಏರುವಾಗ ಈ ರೀಡಿಂಗ್ ರಕ್ತದ ಶುಗರ್‌ಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಅನುಮಾನ ಬಂದರೆ ಬೆರಳು ಚುಚ್ಚಿಯೇ ನೋಡಿ.