ಅಮೆರಿಕದ ರ‍್ಯಾಪರ್ ಸ್ನೂಪ್ ಡಾಗ್, ಅವರ ಹಾಡುಗಳನ್ನು ನಿರ್ಮಿಸಿದ ಡಾ. ಡ್ರೆ 31 ವರ್ಷ ಒಟ್ಟಿಗೆ ಕೆಲಸವೇ ಮಾಡಿರಲಿಲ್ವಾ?

ಮಾಡಿದ್ದರು. ಡ್ರೆ ನಿರ್ಮಿಸಿದ ಸ್ನೂಪ್ ಆಲ್ಬಮ್ 'ಮಿಷನರಿ' ಬಂದಾಗ ಎಲ್ಲರೂ 31 ವರ್ಷದ ಲೆಕ್ಕ ಹೇಳಿದ್ದು ಪೂರ್ತಿ ಆಲ್ಬಮ್‌ಗೆ ಮಾತ್ರ. ಡ್ರೆ ಮೊದಲಿಂದ ಕೊನೆವರೆಗೆ ಕೂತು ಮಾಡಿಸಿದ ಸ್ನೂಪ್ ಆಲ್ಬಮ್ 1993ರ 'ಡಾಗಿಸ್ಟೈಲ್'. ಅದಾದ ಮೇಲೆ 2024ರ ಡಿಸೆಂಬರ್‌ನ 'ಮಿಷನರಿ'ಯೇ. ನಡುವೆ ಇಬ್ಬರೂ ಸೇರಿ ಮಾಡಿದ ಬಿಡಿ ಹಾಡುಗಳು ಬೇಕಾದಷ್ಟಿವೆ. 1999ರ 'ಸ್ಟಿಲ್ ಡಿ.ಆರ್.ಇ.' ಪಿಯಾನೋ ಕೇಳದವರು ಕಡಿಮೆ ಅಲ್ವಾ?

ಇಷ್ಟು ತಡ ಯಾಕೆ? ಕಂಪನಿ ಜಗಳ ದೊಡ್ಡ ಕಾರಣ. ಡ್ರೆ ಮಲತಮ್ಮ ವಾರೆನ್ ಜಿ, ಸ್ನೂಪ್ ಜೊತೆ ಹಾಡುತ್ತಿದ್ದವನು. ಅವನೇ ಗೆಳೆಯನ ಟೇಪನ್ನು ಅಣ್ಣನಿಗೆ ಮುಟ್ಟಿಸಿದ್ದು. ಹಾಗೆ ಡ್ರೆ, ಸ್ನೂಪ್ ಇಬ್ಬರೂ ಡೆತ್ ರೋ ಎಂಬ ಸಂಗೀತ ಕಂಪನಿಯಲ್ಲಿ ಜೊತೆಯಾದರು. 1996ರಲ್ಲಿ ಡ್ರೆ ಅದನ್ನು ಬಿಟ್ಟು ಆಫ್ಟರ್‌ಮ್ಯಾತ್ ಅನ್ನೋ ತಮ್ಮದೇ ಕಂಪನಿ ಶುರು ಮಾಡಿದರು, ಆಮೇಲೆ ಸ್ನೂಪ್ ಕೂಡ ಹೊರಬಂದರು. ತಮಾಷೆ ನೋಡಿ, 2022ರಲ್ಲಿ ಡೆತ್ ರೋವನ್ನು ಸ್ನೂಪ್ ಅವರೇ ಕೊಂಡುಕೊಂಡರು. ಹೊಸ ಆಲ್ಬಮ್ ಮೇಲೆ ಎರಡೂ ಕಂಪನಿಗಳ ಹೆಸರಿದೆ.

ಹಳೇ ಸೌಂಡ್ ಹುಡುಕಿಕೊಂಡು ಹೋದರೆ ನಿರಾಸೆಯಾಗಬಹುದು. 'ಡಾಗಿಸ್ಟೈಲ್' ಅಂದರೆ ನಿಧಾನವಾಗಿ ತೂಗುವ ಫಂಕ್ ಬೇಸ್, ಮೇಲೆ ಸಣ್ಣಗೆ ಕೊರೆಯುವ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಸದ್ದು. ಇಲ್ಲಿ ಅದು ಅಲ್ಲಲ್ಲಿ ಮಾತ್ರ. 'ಅನದರ್ ಪಾರ್ಟ್ ಆಫ್ ಮಿ' ಕೇಳಿ: ಬ್ರಿಟಿಷ್ ಗಾಯಕ ಸ್ಟಿಂಗ್ ಅವರ ಹಳೇ ಹಾಡು 'ಮೆಸೇಜ್ ಇನ್ ಎ ಬಾಟಲ್' ಗಿಟಾರ್ ಮೇಲೆ ಸ್ನೂಪ್ ಆರಾಮಾಗಿ ರ‍್ಯಾಪ್ ಮಾಡುತ್ತಾರೆ, ಸ್ಟಿಂಗ್ ಖುದ್ದು ಬಂದು ಹಾಡುತ್ತಾರೆ. ಎಲ್ಲಾ ಹಾಡು ಅಷ್ಟು ಕೂಡಿಬಂದಿಲ್ಲ, ಆದರೂ ಈ ಹಾಡನ್ನು ನಾನು ಮತ್ತೆ ಮತ್ತೆ ಹಾಕಿಕೊಳ್ಳುತ್ತೇನೆ.