ವ್ಯಾಪಾರದ ಲಾಭ ಸರಿ ಅಂತಾದರೆ ಬಡ್ಡಿ ಯಾಕೆ ತಪ್ಪು?

ಹತ್ತು ರೂಪಾಯಿ ಮಾಲು ಹನ್ನೆರಡಕ್ಕೆ ಮಾರಿದರೆ ಹಲಾಲ್ (ಇಸ್ಲಾಂನಲ್ಲಿ ಸರಿ), ಹತ್ತು ರೂಪಾಯಿ ಸಾಲಕ್ಕೆ ಹನ್ನೆರಡು ಕೇಳಿದರೆ ಹರಾಮ್ (ನಿಷಿದ್ಧ), ಎರಡೂ ಒಂದೇ ಅಲ್ವಾ ಅಂತ ಕೇಳಿದ್ದೀರಿ. ಇದೇ ವಾದವನ್ನು ಪ್ರವಾದಿಗಳ ಕಾಲದ ಅರಬ್ಬರೂ ಮಾಡಿದ್ದರು. ಕುರ್‌ಆನ್ 2ನೇ ಅಧ್ಯಾಯದ 275ನೇ ವಚನದಲ್ಲಿ ಆ ಮಾತೂ ಇದೆ, ಒಂದೇ ಅಲ್ಲ ಅನ್ನುವ ಉತ್ತರವೂ ಇದೆ.

ನಾನು ರಾಯಚೂರಿನ ಹತ್ತಿ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆಯುವವನು. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ಕೇಳೋಕೆ ಸಣ್ಣದು. ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ 36 ಆಯಿತು. ಬಿತ್ತನೆಗೆ 50,000 ಎತ್ತಿದ ರೈತ ವರ್ಷ ತುಂಬಿದರೆ ಬರೀ ಬಡ್ಡಿಗೇ 18,000 ಕಟ್ಟಬೇಕು. ಮಳೆ ಕೈ ಕೊಡಲಿ, ಕಾಯಿಗೆ ಹುಳು ಬೀಳಲಿ, ಸಾಲ ಕೊಟ್ಟವನ ಲೆಕ್ಕ ಮಾತ್ರ ಬೆಳೆಯುತ್ತಲೇ ಇರುತ್ತದೆ. ಹತ್ತಿ ಕೊಂಡ ವ್ಯಾಪಾರಿ ಹಾಗಲ್ಲ. ನಾಳೆ ರೇಟು ಬಿದ್ದರೆ ಅವನಿಗೂ ಏಟು. ಆ ಏಟಿಗೆ ಮೈಯೊಡ್ಡಿ ಗಳಿಸಿದ ಲಾಭಕ್ಕೆ ಇಸ್ಲಾಂನ ತಕರಾರಿಲ್ಲ.

ಹಿಂದೆ ಅರಬ್ಬರಲ್ಲಿ ವಾಯಿದೆ ಮುಗಿದ ಕೂಡಲೇ ‘ತೀರಿಸ್ತೀಯೋ, ಹೆಚ್ಚಿಸ್ತೀಯೋ’ ಅಂತ ಕೇಳುತ್ತಿದ್ದರು. ಇಲ್ಲದವನ ಸಾಲ ದುಪ್ಪಟ್ಟಾಗುತ್ತಿತ್ತು. 632ರ ಹಜ್ ಭಾಷಣದಲ್ಲಿ ಪ್ರವಾದಿ ಮುಹಮ್ಮದರು ಹಳೆಯ ಬಡ್ಡಿಯನ್ನೆಲ್ಲ ರದ್ದು ಮಾಡಿದರು. ಮೊದಲು ಹೊಡೆದುಹಾಕಿದ್ದು ಸ್ವಂತ ಚಿಕ್ಕಪ್ಪ ಅಬ್ಬಾಸರಿಗೆ ಬರಬೇಕಿದ್ದ ಬಡ್ಡಿಯನ್ನು. ನನಗೆ ಬಹಳ ಹಿಡಿಸಿದ ಸಂಗತಿ ಇದು.

ಇಸ್ಲಾಂ ಬಡ್ಡಿ ಬೇಡ ಅಂದು ಸುಮ್ನೆ ಬಿಟ್ಟಿಲ್ಲ. ಸಾಲಗಾರ ಕಷ್ಟದಲ್ಲಿದ್ದರೆ ಕೈಯಲ್ಲಿ ದುಡ್ಡಾಡುವ ತನಕ ವಾಯಿದೆ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಅಂತ ಕುರ್‌ಆನಿನ ಅದೇ 2ನೇ ಅಧ್ಯಾಯದಲ್ಲಿದೆ. ಉಳಿತಾಯದ ಮೇಲೆ ಕಡ್ಡಾಯವಾಗಿ ದಾನ ಕೊಡುವ 2.5 ಶೇಕಡಾ ಜಕಾತ್‌ನಲ್ಲಿ ಸಾಲದಲ್ಲಿ ಮುಳುಗಿದವರಿಗೂ ಪಾಲಿದೆ. ಬಡ್ಡಿ ಪತ್ರ ಬರೆದವನಿಗೂ ಸಾಕ್ಷಿ ನಿಂತವರಿಗೂ ಅಷ್ಟೇ ಪಾಪ ಅಂತ ಹದೀಸ್ (ಪ್ರವಾದಿಗಳ ನುಡಿ) ಇದೆ. ಅದಕ್ಕೇ ಅಂಗಡಿಯ ಬಡ್ಡಿ ಖಾತೆ ನಾನು ಮುಟ್ಟಲ್ಲ, ಮಾಲೀಕರು ಬೇರೆಯವರಿಂದ ಬರೆಸುತ್ತಾರೆ.

ಎಲ್ಲರೂ ಹೀಗೆ ನಡೆಯುತ್ತಾರೆ ಅಂತಲ್ಲ. ಬಡ್ಡಿ ಅನ್ನದೆ ‘ಕಮಿಷನ್’ ಅಂತ ವಸೂಲಿ ಮಾಡುವವರು ನಮ್ಮಲ್ಲೂ ಇದ್ದಾರೆ. ‘ಹಲಾಲ್ ಲಾಭ’ ಅಂತ ಹಣ ಕಟ್ಟಿಸಿಕೊಂಡ ಬೆಂಗಳೂರಿನ ಕಂಪನಿಯೊಂದು 2019ರಲ್ಲಿ ಮುಳುಗಿ ಎಷ್ಟೋ ಮನೆಗಳು ಬೀದಿಗೆ ಬಂದವು. ತಿಂಗಳು ತಿಂಗಳು ಲಾಭ ತಪ್ಪದೆ ಬರುತ್ತದೆ ಅಂದಾಗಲೇ ಅನುಮಾನ ಬರಬೇಕಿತ್ತು.

ಬ್ಯಾಂಕಿನ ಬಡ್ಡಿಯೂ ಹರಾಮ್ ಅಂತಲೇ ಹೆಚ್ಚಿನ ಉಲಮಾಗಳ (ಧರ್ಮ ವಿದ್ವಾಂಸರ) ಅಭಿಪ್ರಾಯ. ಆದರೆ ಈಜಿಪ್ಟಿನ ಹೆಸರಾಂತ ಇಸ್ಲಾಮಿ ವಿದ್ಯಾಪೀಠ ಅಲ್-ಅಝ್‌ಹರ್ ವಿದ್ವಾಂಸರ ಮಂಡಳಿ 2002ರಲ್ಲಿ ನಿಗದಿತ ಲಾಭದ ಠೇವಣಿ ತಪ್ಪಲ್ಲ ಅಂದಿತ್ತು. ನನ್ನ ಖಾತೆಗೆ ಬಿದ್ದ ಬಡ್ಡಿಯನ್ನು ನಾನು ಪುಣ್ಯದ ಲೆಕ್ಕ ಹಿಡಿಯದೆ ಬಡವರಿಗೆ ಕೊಟ್ಟುಬಿಡುತ್ತೇನೆ.